ಬೀಸುವ ಕಲ್ಲು ಹೊಕ್ಕ ಬೇರು

ಮೂರನೇ ಸಲ ಹಗ್ಗ ಜಗ್ಗಿದಾಗ ಒಣಗಿದ ದ್ರಾಕ್ಷಿ ಬಳ್ಳಿ ಬುಡಸಮೇತ ಎದ್ದು ಬಂತು. ಬೇರಿನ ತುದಿಗೆ ಏನೋ ಭಾರ ತಗುಲಿಕೊಂಡಿತ್ತು. ಒತಿಲಿಯಾ ಬೂದಿ ಒರೆಸಿದಳು. ಒರೆಸುತ್ತಿದ್ದ ಕೈ ಹಾಗೇ ನಿಂತುಬಿಟ್ಟಿತು.

ಬೀಸುವ ಕಲ್ಲು. ಅದರ ನಡುವಿನ ತೂತಿನಲ್ಲಿ ಬೇರು ನುಗ್ಗಿ, ಆಚೆ ಬಂದು, ದಪ್ಪಗೆ ಬೆಳೆದಿತ್ತು.

ಲಾನ್ಸರೋತೆ ದ್ವೀಪದಲ್ಲಿ ಬೆಂಕಿಬೆಟ್ಟ ಕಾರಿದ್ದು ಮುನ್ನೂರು ವರ್ಷದ ಹಿಂದೆ. ಆ ಕರಿಬೂದಿಯಲ್ಲಿ ಗುಂಡಿ ತೋಡಿ, ಅಡಿಯ ಹಳೇ ಮಣ್ಣಿಗೆ ಬೇರು ಮುಟ್ಟಿಸಿ ಮಲ್ವಸೀಯ ಜಾತಿಯ ದ್ರಾಕ್ಷಿ ಬೆಳೆಯುವುದು ಅವಳ ಮನೆತನದ ಕಸುಬು. ಈ ಒಂದು ಬಳ್ಳಿಯ ಬಿಳಿ ವೈನನ್ನು ಅಪ್ಪ ಬೇರೆಯೇ ಜಾಡಿಯಲ್ಲಿಡುತ್ತಿದ್ದ. "ಕೆಳಗೆ ಬರೀ ಮೇಕೆ ಮೇಯೋ ಬಯಲಿತ್ತು ಮಗಳೇ, ಎಲ್ಲಾ ಮಣ್ಣಿನ ಗುಣ" ಅನ್ನುತ್ತಿದ್ದ.

ತಮ್ಮ ಹಿನೆಸ್ ಗುಂಡಿಗಿಳಿದು ಗುದ್ದಲಿ ಹಾಕಿದ. ಠಣ್ ಎಂದಿತು. ಸುಣ್ಣ ಬಳಿದ ಗೋಡೆಯ ಮೂಲೆ ಕಂಡಿತು. ಅವನ ಮುಖ ಬಿಳಿಚಿಕೊಂಡಿತು.

"ಅಕ್ಕಾ, ಮುಚ್ಚಿಬಿಡೋಣ. ಸರ್ಕಾರದೋರಿಗೆ ಗೊತ್ತಾದ್ರೆ ಜಮೀನಿಗೇ ಬೇಲಿ ಹಾಕ್ತಾರೆ!"

"ಬಾಯ್ಮುಚ್ಚೋ. ಇದು ಯಾರದೋ ಮನೆ ಕಣೋ!"

ಕಲ್ಲನ್ನು ಹೊತ್ತು ಸೋದರತ್ತೆ ಯೂಫ್ರಾಸಿಯಾಳ ಮುಂದಿಟ್ಟರು. ತೊಂಬತ್ತು ದಾಟಿದ ಮುದುಕಿ ಅದನ್ನು ಸವರಿ ಸವರಿ ನೋಡಿದಳು.

"ಯಾರದೋ ಅಲ್ಲ ಕಣೇ. ನಮ್ದೇ. ಊರು ಬೂದಿಯಲ್ಲಿ ಹೂತ್ಮೇಲೆ ವಾಪಸ್ ಬಂದೋರು, ಅಳತೆ ಹಾಕಿ ಅಡುಗೆಮನೆ ಮೇಲೇ ಬಳ್ಳಿ ನೆಟ್ರಂತೆ. ಸತ್ತ ಬಳ್ಳಿ ಜಾಗಕ್ಕೆ ಅಲ್ಲೇ ಇನ್ನೊಂದು. ನಿಮ್ಮಪ್ಪಂಗೂ ಗೊತ್ತಿತ್ತು."

"ಮತ್ತೆ ನಮಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಅಗೀತಿದ್ರಿ."

 ಐವತ್ತು ವರ್ಷ ಒತಿಲಿಯಾ ತನ್ನವರ ಮನೆಯ ಮೇಲೆಯೇ ಓಡಾಡಿದ್ದಳು. ಅಪ್ಪ ಒಂದು ಮಾತೂ ಆಡಿರಲಿಲ್ಲ. ಮರುದಿನ ಬೆಳಿಗ್ಗೆ, ತಮ್ಮ ಬೇಡ ಬೇಡವೆಂದರೂ ಕೇಳದೆ, ಅವಳೇ ಪುರಾತತ್ವ ಇಲಾಖೆಯ ಕಚೇರಿಗೆ ಫೋನ್ ಮಾಡಿದಳು.

ಅಗೆಯುವವರು ಬಂದರು, ಮೂರು ಗುಂಡಿಗಳಿಗೆ ಬೇಲಿ ಬಿತ್ತು. ಹಿನೆಸ್ ಅಕ್ಕನ ಜೊತೆ ಮಾತು ಬಿಟ್ಟ. ಆದರೆ ಎರಡು ವಾರ ಕಳೆಯುವುದರೊಳಗೆ ಅವನೇ ಅಲ್ಲಿ ನಿಂತು, "ರೀ, ನಿಧಾನ, ಅದು ನಮ್ಮನೆ ಗೋಡೆ!" ಎಂದು ಗದರಿಸತೊಡಗಿದ.

ಒಂದು ಮಧ್ಯಾಹ್ನ ಒಲೆಗೂಡು ತೆರೆಯಿತು. ಅಗೆಯುತ್ತಿದ್ದ ಹೆಂಗಸು ಬ್ರಷ್ ಆಡಿಸಿ, ತಟ್ಟನೆ ಹಿಂದೆ ಸರಿದು ಅಕ್ಕ-ತಮ್ಮ ಇಬ್ಬರನ್ನೂ ಕರೆದಳು. ಒಳಗೆ ಇದ್ದಿಲಾದ ಎರಡು ರೊಟ್ಟಿಗಳಿದ್ದವು. ಒಂದರ ಅಂಚಿನಲ್ಲಿ ಒತ್ತಿದ ಬೆರಳಿನ ಗುರುತು ಹಾಗೇ ಉಳಿದಿತ್ತು.

"ರೊಟ್ಟಿ ತೆಗೆಯೋಕೂ ಪುರುಸೊತ್ತಾಗಿಲ್ಲ ಅಕ್ಕಾ..." ಹಿನೆಸ್ ಒಲೆಯತ್ತ ಬಗ್ಗಿದ. ಎಷ್ಟೋ ದಿನದ ಮೇಲೆ ಅವನು ಅವಳ ಜೊತೆ ಆಡಿದ ಮೊದಲ ಮಾತು ಅದು.

 ಒತಿಲಿಯಾ ತಮ್ಮನ ತೋಳು ಹಿಡಿದು ಒಲೆಯ ಪಕ್ಕದಲ್ಲೇ ಕೂತಳು.