ಕುಂಕುಮ ಇಟ್ಟ ಬ್ಯಾಟರಿ

ವಿಜಯದಶಮಿಯ ಬೆಳಿಗ್ಗೆ ಅಣ್ಣನ ರೇಡಿಯೊ ಅಂಗಡಿಯಲ್ಲಿ ‘ಪಟ್’ ಎಂದು ಸದ್ದಾಗಿ ಹೊಗೆ ಎದ್ದಿತು. ಸಪ್ಲೈ ಪೆಟ್ಟಿಗೆ ಸುಟ್ಟಿತ್ತು. ಗೋಡೆಯ ಕರೆಂಟನ್ನು ಆರು, ಒಂಬತ್ತು, ಹನ್ನೆರಡು ವೋಲ್ಟಿಗೆ ಇಳಿಸಿಕೊಡುವ ಆ ತಗಡಿನ ಪೆಟ್ಟಿಗೆಯನ್ನು ಅಣ್ಣ ಶಾಂತಿಕುಮಾರ ತಾನೇ ಕಟ್ಟಿದ್ದ. ರಿಪೇರಿಗೆ ಬಂದ ಟ್ರಾನ್ಸಿಸ್ಟರ್‌ಗಳಿಗೆಲ್ಲ ಮೊದಲ ಉಸಿರು ಅದರದೇ. ಚನ್ನರಾಯಪಟ್ಟಣದಲ್ಲಿ ಅಂಥದ್ದು ಇನ್ನೊಂದಿರಲಿಲ್ಲ.

ದಂಡಿಗನಹಳ್ಳಿಯ ಲಕ್ಕಣ್ಣ ಬೆಂಚಿನ ಮೇಲೆ ಕಾಲು ಮಡಿಸಿ ಕೂತಿದ್ದ. ಅವನ ಮನೆಗೆ ಕರೆಂಟಿಲ್ಲ, ಕಾರಿನ ಬ್ಯಾಟರಿಯಿಂದ ರೇಡಿಯೊ ಹಾಡಿಸುತ್ತಾನೆ. ಹಬ್ಬಕ್ಕೆ ಚಾರ್ಜಿನ ಅಂಗಡಿ ಮುಚ್ಚಿದ್ದರಿಂದ ಹಿಂದಿನ ದಿನವೇ ಬ್ಯಾಟರಿಯನ್ನು ನಮ್ಮಲ್ಲಿ ಬಿಟ್ಟು ಹೋಗಿದ್ದ. ‘ನಮ್ಮ ಪೆಟ್ಟಿಗೆಯಿಂದಲೇ ತುಂಬಿಕೊಡ್ತೀನಿ’ ಎಂದು ಅಣ್ಣ ಬ್ಯಾಟರಿಯ ಎರಡು ಕೊಂಬುಗಳಿಗೆ ತಂತಿ ಸಿಕ್ಕಿಸಿದ್ದೇ ತಡ, ಈ ಅನಾಹುತ.

“ತಂತಿ ಬದಲಾಯಿಸಿದ್ದು ನೀನೇ ತಾನೆ?” ಅಣ್ಣ ನನ್ನ ಕಡೆ ತಿರುಗಿದ.

“ನಾನು ಮುಟ್ಟಿಲ್ಲಣ್ಣ.”

“ಕೆಂಪು ಕೊಂಬಿಗೆ ಕೆಂಪು ತಂತಿಯನ್ನೇ ಹಾಕಿದೀನಿ, ಆದರೂ ಪ್ಲಸ್ಸು ಮೈನಸ್ಸು ಉಲ್ಟಾ ಆಗಿದೆ. ಹೋದ ವಾರ ಪೆಟ್ಟಿಗೆ ಬಿಚ್ಚಿ ಬೆಸುಗೆ ಹಾಕಿದೋಳು ಯಾರು? ಒಳಗೇ ಅದಲುಬದಲು ಮಾಡಿದೀಯ. ಸಾಕು ತ್ರಿಶಲಾ. ನಾಳೆಯಿಂದ ಮನೇಲಿ ಅಜ್ಜಿ ಜೊತೆ ಇರು.”

ಫ್ಯೂಸ್ ಬದಲಾಯಿಸಿದ, ಹಾರಿತು. ಮತ್ತೆ ಹಾಕಿದ, ಮತ್ತೆ ಹಾರಿತು. ಟ್ರಾನ್ಸ್‌ಫಾರ್ಮರೇ ಹೋಗಿದೆ ಎಂದು ಗೊಣಗುತ್ತ, ಇನ್ನೊಂದನ್ನು ಹುಡುಕಿ ತರಲು ಹಾಸನದ ಬಸ್ಸು ಹತ್ತಿದ. ಹೋಗುವಾಗ ಹೇಳಿದ ಮಾತು ಒಂದೇ: “ಮುಟ್ಟಬೇಡ.”

ನನಗೆ ಕೂರಲಾಗಲಿಲ್ಲ, ನಿಲ್ಲಲೂ ಆಗಲಿಲ್ಲ. ಆ ಮೂಲೆಯ ಸ್ಟೂಲು ಬಿಟ್ಟರೆ ನನಗೆ ಊರಲ್ಲಿ ಬೇರೆ ಜಾಗವೇ ಇರಲಿಲ್ಲ. ಬಾಗಿಲಿಗೆ ಹೋಗಿ ಬೀದಿ ನೋಡಿದೆ, ಒಳಗೆ ಬಂದು ಪೆಟ್ಟಿಗೆ ನೋಡಿದೆ. ಅಜ್ಜಿಯ ಕಥೆಯಲ್ಲಿ ರಾಕ್ಷಸನ ಜೀವ ಅವನ ಮೈಯಲ್ಲಿರುವುದಿಲ್ಲ, ಎಲ್ಲೋ ಒಂದು ಗಿಣಿಯಲ್ಲಿರುತ್ತದೆ. ಈ ಪೆಟ್ಟಿಗೆಯ ಜೀವ ಎಲ್ಲಿದೆ?

“ಏನವ್ವ, ಬೆಕ್ಕು ಮರಿ ಹೊತ್ಕಂಡು ತಿರುಗ್ದಂಗೆ ತಿರುಗ್ತಾ ಇದೀಯ,” ಎಂದ ಲಕ್ಕಣ್ಣ. “ಕುಂತ್ಕೊ. ನಿಮ್ಮಣ್ಣ ಬರೋದು ಸಂಜೀಕೆ ಕಣ.”

ನಾನು ಕೂತೆ. ಆದರೆ ಸ್ಟೂಲಿನ ಮೇಲೆ, ಸ್ಕ್ರೂಡ್ರೈವರ್ ಹಿಡಿದು.

“ಮುಟ್‌ಬ್ಯಾಡ ಅಂದ್ನಲ್ಲವ್ವ?”

“ಸುಟ್ಟಿರೋದನ್ನ ಇನ್ನೇನು ಸುಡ್ತೀನಿ ಲಕ್ಕಣ್ಣ?”

ಮೊದಲು ನಾನು ಹಾಕಿದ್ದ ಬೆಸುಗೆಗಳನ್ನೇ ನೋಡಿದೆ. ಕೆಂಪು ಕೆಂಪಿಗೇ ಇತ್ತು, ಕಪ್ಪು ಕಪ್ಪಿಗೇ. ತಪ್ಪು ಒಳಗಿರಲಿಲ್ಲ. ಮೀಟರಿನ ಕಡ್ಡಿಗಳನ್ನು ಟ್ರಾನ್ಸ್‌ಫಾರ್ಮರಿಗೆ ತಾಗಿಸಿದೆ. ಅದು ಗಟ್ಟಿಯಾಗಿಯೇ ಇತ್ತು. ಕಂಡೆನ್ಸರ್ ಮಾತ್ರ ಹೊಟ್ಟೆ ಉಬ್ಬಿಸಿಕೊಂಡು ಒಡೆದಿತ್ತು. ಹಿಂದಿನ ತಗಡಿಗೆ ಬಿಗಿದಿದ್ದ ದೊಡ್ಡ ಟ್ರಾನ್ಸಿಸ್ಟರನ್ನು ಬಿಚ್ಚಿ ನೋಡಿದೆ. ಒಂದು ಕಡೆಯಿಂದ ಮಾತ್ರ ಕರೆಂಟು ಬಿಡಬೇಕಾದದ್ದು ಎರಡೂ ಕಡೆಯಿಂದ ಬಿಡುತ್ತಿತ್ತು. ಗಿಣಿ ಸತ್ತಿತ್ತು.

ಅಟ್ಟದ ಮೇಲೆ ಹಾಳಾದ ಮೈಕ್ ಸೆಟ್ ಒಂದು ಬಿದ್ದಿತ್ತು. ಅದರೊಳಗಿನಿಂದ ಅಂಥದೇ ಟ್ರಾನ್ಸಿಸ್ಟರನ್ನೂ ಕಂಡೆನ್ಸರನ್ನೂ ಕಳಚಿಕೊಂಡೆ. ಟ್ರಾನ್ಸಿಸ್ಟರ್ ತಗಡಿಗೆ ನೇರ ತಾಗದಂತೆ ನಡುವೆ ಅಭ್ರಕದ ಹಾಳೆ ಇಡಬೇಕು. ಹಳೆಯದು ಬಿಡಿಸುವಾಗ ಎರಡು ತುಂಡಾಯಿತು. ಮೈಕ್ ಸೆಟ್ಟಿನದನ್ನು ಉಸಿರು ಹಿಡಿದು ಎಬ್ಬಿಸಿದೆ. ಬೆಸುಗೆ ಹಾಕಿ ಮುಗಿಸುವಷ್ಟರಲ್ಲಿ ಬಾಗಿಲಲ್ಲಿ ಅಜ್ಜಿ ನಿಂತಿದ್ದರು.

“ತ್ರಿಶಲಾ, ಹೊತ್ತು ಇಳೀತಾ ಬಂತು, ಊಟಕ್ಕೆ ಬಾ ಮಗಾ.”

ಜೈನರಾದ ನಮ್ಮ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಯಾರೂ ತುತ್ತು ಮುಟ್ಟುವುದಿಲ್ಲ.

“ಬಂದೆ ಅಜ್ಜಿ. ನೀವು ಮಾಡಿ.”

“ನಿನ್ನ ಬಿಟ್ಟು ನಾನೇನು ಮಾಡೋದು,” ಎಂದು ಅಜ್ಜಿ ಮೆಟ್ಟಿಲ ಮೇಲೆ ಕೂತೇ ಬಿಟ್ಟರು.

ಬ್ಯಾಟರಿಯನ್ನು ಬದಿಗೆ ಸರಿಸಲು ಬಗ್ಗಿದೆ. ಹಿಂದಿನ ದಿನ ಆಯುಧಪೂಜೆಯಲ್ಲಿ ಅಂಗಡಿಯ ಸಾಮಾನಿಗೆಲ್ಲ ಅಜ್ಜಿಯೇ ಪೂಜೆ ಮಾಡಿದ್ದರು. ಒಂದು ಕೊಂಬಿನ ಮೇಲೆ ಒದ್ದೆ ಕುಂಕುಮ ಒಣಗಿ ಗಟ್ಟಿಯಾಗಿತ್ತು, ಇನ್ನೊಂದರ ಮೇಲೆ ಚೆಂಡುಹೂವು. ಹೂವು ಎತ್ತಿದೆ. ಅದರ ಕೆಳಗೆ, ಪ್ಲಸ್ ಎಂದು ಗುರುತಿಗೆ ಬಳಿದಿದ್ದ ಕೆಂಪು ಪೇಂಟ್.

ಹೂವು ಕೈಯಲ್ಲೇ ಉಳಿಯಿತು. ಅಣ್ಣ ಕೆಂಪು ನೋಡಿ ತಂತಿ ಹಾಕಿದ್ದು ನಿಜ. ಆ ಕೆಂಪು ಪೇಂಟಲ್ಲ, ಅಜ್ಜಿಯ ಕುಂಕುಮ. ಹೇಳಿದರೆ ನನ್ನ ಸ್ಟೂಲು ಉಳಿಯುತ್ತದೆ. ಆದರೆ ಅಜ್ಜಿ ಮುಂದಿನ ವರ್ಷ ಈ ಮೆಟ್ಟಿಲು ಹತ್ತುವುದಿಲ್ಲ. ತಮ್ಮ ಕೈಯಿಂದ ಕೆಟ್ಟಿತು ಎಂದರೆ ಆ ಕೈಯನ್ನು ಸೆರಗಿನಿಂದ ಹೊರಗೆ ತೆಗೆಯುವವರಲ್ಲ ಅವರು. ಹೂವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಗೋಡೆಯ ಕರೆಂಟಿಗೂ ಪೆಟ್ಟಿಗೆಗೂ ನಡುವೆ ಒಂದು ಬಲ್ಬು ಕಟ್ಟಿದೆ. ಒಳಗೆ ಇನ್ನೂ ದೋಷವಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಪೆಟ್ಟಿಗೆ ಸುಡುವುದಿಲ್ಲ. ಸ್ವಿಚ್ ಒತ್ತಿದೆ. ಬಲ್ಬು ಝಗ್ಗೆಂದು ಬೆಳಗಿತು. ಆಮೇಲೆ ಮೆಲ್ಲಗೆ ಕೆಂಪಗಾಗಿ, ಮಂಕಾಯಿತು. ಮೀಟರಿನ ಮುಳ್ಳು ಎದ್ದು ಆರರ ಮೇಲೆ ನಿಂತಿತು.

“ಬಂತಾ?” ಎಂದ ಲಕ್ಕಣ್ಣ.

“ಬಂತು.”

ಅಣ್ಣ ಬಂದಾಗ ಬಿಸಿಲು ಎದುರು ಮನೆಯ ಹೆಂಚಿನ ತುದಿಯಲ್ಲಿತ್ತು. ಕೈ ಖಾಲಿ, ಹಾಸನದಲ್ಲೂ ಹಬ್ಬ. ಮೀಟರಿನ ಮುಳ್ಳನ್ನು ನೋಡಿ, ಚೀಲ ಹೆಗಲಿನಲ್ಲೇ ಇರುವಂತೆ ಬಗ್ಗಿ, ಬೆಸುಗೆಗಳನ್ನು ಒಂದೊಂದಾಗಿ ಬೆರಳಿಂದ ತಟ್ಟಿ ನೋಡಿದ.

“ಸರಿ, ಮಾಡಿದೀಯ. ಆದರೆ ಉಲ್ಟಾ ಆಗಿದ್ದು ಹೇಗೆ? ಅದು ಹೇಳು.”

ನಾನು ಬಗ್ಗಿ ತಂತಿಯ ತುಂಡುಗಳನ್ನು ಆಯತೊಡಗಿದೆ. ಅವನು ಇನ್ನೊಮ್ಮೆ ಕೇಳಿದ. ಮೆಟ್ಟಿಲ ಮೇಲಿಂದ ಅಜ್ಜಿ, “ಇದೇನು ಮಗಾ, ಬ್ಯಾಟರಿ ಮೇಲೆ ನಾನಿಟ್ಟ ಹೂವು ನಿನ್ನ ಸೊಂಟದಲ್ಲಿ?” ಎಂದರು.

ಅಣ್ಣ ನನ್ನ ಸೊಂಟ ನೋಡಿದ, ಬ್ಯಾಟರಿ ನೋಡಿದ. ಹೂವಿಲ್ಲದ ಕೊಂಬಿನ ಪೇಂಟಿನ ಮೇಲೆ ಬೆರಳಾಡಿಸಿದ. ಇನ್ನೊಂದರ ಕುಂಕುಮ ಉಜ್ಜಿದ. ಅದು ಪುಡಿಯಾಗಿ ಉದುರಿತು. ಅವನ ಬಾಯಿ ತೆರೆಯಿತು. ನಾನು ತಲೆ ಅಲ್ಲಾಡಿಸಿದೆ, ಬೇಡ ಎಂದು.

“ಏನಾಯ್ತೋ ಶಾಂತಿ?” ಎಂದರು ಅಜ್ಜಿ.

“ಏನಿಲ್ಲ ಅಜ್ಜಿ. ನಾನು ಸರಿಯಾಗಿ ನೋಡಲಿಲ್ಲ, ಅಷ್ಟೆ.”

ಹೆಂಚಿನ ಮೇಲಿನ ಬಿಸಿಲು ಹೋಗಿತ್ತು. ಮೂವರಿಗೂ ಇನ್ನು ಊಟ ಬೆಳಿಗ್ಗೆಯೇ.

“ಅಂಗಾರೆ ನನ್ ಬ್ಯಾಟ್ರಿ ಇವತ್ತೂ ಇಲ್ಲ ಅನ್ನಿ,” ಎಂದು ಲಕ್ಕಣ್ಣ ಎದ್ದ.

“ನಾಳೆ ಬಾ ಲಕ್ಕಣ್ಣ,” ಎಂದ ಅಣ್ಣ. ಬೀಗ ಹುಡುಕುತ್ತ, ನನ್ನ ಕಡೆ ನೋಡದೆ ಸೇರಿಸಿದ: “ಬೇಗ ಬಾ. ಇವಳು ಬೆಳಿಗ್ಗೇನೇ ಅಂಗಡೀಲಿರ್ತಾಳೆ.”