ಕಾರ್ಬೊನೇಟ್ ಎಂದು ಬರೆದ ಹುಡುಗಿ

ಹಿರೇಕೆರೂರಿನ ಆ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬು ನೋಡಿಕೊಳ್ಳುತ್ತಿದ್ದವಳು ಅಡಿವೆವ್ವ. ಅಲ್ಲೇ ಅಟೆಂಡರ್ ಆಗಿದ್ದ ಗಂಡ ಚೌಡಪ್ಪ ತೀರಿಕೊಂಡಾಗ ಅನುಕಂಪದ ಮೇಲೆ ಅವನ ಜಾಗ ಅವಳಿಗೆ ಸಿಕ್ಕಿತ್ತು. ಓದಿದ್ದು ಏಳನೇ ಇಯತ್ತೆ. ಮೊದಮೊದಲು ಬಾಟಲಿಗಳ ಮೇಲಿನ ಇಂಗ್ಲಿಷ್ ಅಕ್ಷರ ಓದಲು ತಡವರಿಸುತ್ತಿದ್ದಳು. ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ ಆ ಹೆಸರುಗಳೆಲ್ಲ ನಾಲಿಗೆಗೆ ಹತ್ತಿಬಿಟ್ಟಿದ್ದವು. ತಾಮ್ರದ ಉಪ್ಪು ನೀಲಿ, ಅಮೋನಿಯಂ ಇದ್ದರೆ ಸುಣ್ಣ ಹಾಕಿ ಕಾಸಿದಾಗ ಮೂಗಿಗೆ ಹೊಡೆಯುವ ವಾಸನೆ, ಇವನ್ನೆಲ್ಲ ಕಣ್ಣು ಮುಚ್ಚಿ ಹೇಳುತ್ತಿದ್ದಳು. ಬಿಳಿ ಪುಡಿಗಳ ಮುಂದೆ ಮಾತ್ರ ಅವಳ ಆಟ ನಡೆಯುತ್ತಿರಲಿಲ್ಲ. ಹದಿನೈದಿಪ್ಪತ್ತು ಬಗೆಯ ಬಿಳಿ ಪುಡಿ, ಎಲ್ಲವೂ ನೋಡಲು ಒಂದೇ. ಅವಕ್ಕೆ ಬಾಟಲಿಯ ಚೀಟಿಯೇ ಗತಿ.

ಅವಳಿಗೆ ಆ ಚೀಟಿಗಳ ಅರ್ಥ ಹೇಳಿಕೊಟ್ಟವಳು ವಿದ್ಯಾಶ್ರೀ. ಚಿಕ್ಕೇರೂರಿನಿಂದ ಬರುತ್ತಿದ್ದ ಹುಡುಗಿ, ಎರಡನೇ ವರ್ಷದ ಸೈನ್ಸು. ಊರಿನ ಬಸ್ಸು ಐದಕ್ಕೆ ಇದ್ದದ್ದರಿಂದ ಕ್ಲಾಸು ಮುಗಿದ ಮೇಲೆ ಲ್ಯಾಬಿಗೆ ಬಂದು ಕೂಡುತ್ತಿದ್ದಳು. ಕೂತವಳು ಸುಮ್ಮನಿರದೆ ಅಡಿವೆವ್ವನ ಜೊತೆ ಟೆಸ್ಟ್ ಟ್ಯೂಬು ತೊಳೆಯುತ್ತಿದ್ದಳು.

“ಅಕ್ಕಾ, ಸಲ್ಫೇಟ್ ಅಂದ್ರ ಒಂದು ಗಂಧಕದ ಸುತ್ತ ನಾಕು ಆಕ್ಸಿಜನ್ ಇರ್ತಾವ್ರಿ. ಸಲ್ಫೈಟ್ ಅಂದ್ರ ಮೂರು. ಏಟ್ ಅಂದ್ರ ಒಂದು ಆಕ್ಸಿಜನ್ ಜಾಸ್ತಿ, ಐಟ್ ಅಂದ್ರ ಒಂದು ಕಡಿಮಿ. ನೈಟ್ರೇಟ್, ನೈಟ್ರೈಟ್, ಅವೂ ಹಂಗ. ಅವೆಲ್ಲಾ ಒಂದಕ್ಕೊಂದು ಕೈ ಹಿಡಕೊಂಡ ಇರ್ತಾವ. ನೀರಾಗ ಕರಗಿಸಿದ್ರೂ ಬಿಡೂದಿಲ್ಲ, ಕೂಡೇ ಹೋಗ್ತಾವ, ಕೂಡೇ ಬರ್ತಾವ.”

“ಮತ್ತ ಈ ಬೈಕಾರ್ಬೊನೇಟು? ಬೈ ಅಂದ್ರ ಯಾರಿಗೆ ಬೈಯೂದವ್ವ?”

ವಿದ್ಯಾಶ್ರೀ ನಕ್ಕು ನಕ್ಕು ಟ್ಯೂಬು ಕೆಳಗೆ ಬೀಳಿಸುವಂತಾಗಿದ್ದಳು. “ಅದು ಹಳೇ ಹೆಸರ್ರಿ ಅಕ್ಕಾ. ಪುಸ್ತಕದಾಗ ಹೈಡ್ರೋಜನ್ ಕಾರ್ಬೊನೇಟ್ ಅಂತಾರ. ಕಾರ್ಬೊನೇಟಿಗೆ ಒಂದು ಹೈಡ್ರೋಜನ್ ಅಂಟಿಕೊಂಡಿರ್ತೈತಿ, ಅಷ್ಟ. ಕಾರ್ಬೊನೇಟಿಗೆ ಎರಡು ಸೋಡಿಯಂ ಬೇಕು, ಇದಕ್ಕ ಒಂದ ಸಾಕು. ಭಜಿಗೆ ಹಾಕೂ ಸೋಡಾ ಐತೆಲ್ಲಾ, ಅದ ಇದು.”

ಹನ್ನೊಂದು ವರ್ಷ ಕೈಯಲ್ಲಿ ಹಿಡಿದದ್ದು ಭಜಿಯ ಸೋಡಾ ಎಂದು ಅಡಿವೆವ್ವನಿಗೆ ಅವತ್ತು ಗೊತ್ತಾಯಿತು. ತನ್ನನ್ನು ಕೂರಿಸಿಕೊಂಡು ಹೀಗೆ ಹೇಳಿಕೊಟ್ಟವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅವಳು ಆ ಹುಡುಗಿಯನ್ನು ತುಂಬಾ ಹಚ್ಚಿಕೊಂಡಳು.

ಪ್ರಾಕ್ಟಿಕಲ್ ಪರೀಕ್ಷೆಗೆ ನಾಲ್ಕು ದಿನ ಇದ್ದಾಗ ಲೆಕ್ಚರರ್ ಫಕ್ಕೀರೇಶ ಸರ್ ಉಪ್ಪುಗಳ ಪಟ್ಟಿ ಕೊಟ್ಟರು. ಏಳನೇ ನಂಬರು ಸೋಡಿಯಂ ಬೈಕಾರ್ಬೊನೇಟ್. ಅಡಿವೆವ್ವ ಬಾಟಲಿ ತೆಗೆದು ನೋಡಿದರೆ ಮುಚ್ಚಳ ಸೀಳಿತ್ತು. ಮಳೆಗಾಲದ ತಂಪು ಕುಡಿದು ಪುಡಿಯೆಲ್ಲ ಹೆಂಟೆ ಕಟ್ಟಿತ್ತು. ಹೊಸದು ತರಿಸಲು ಹೊತ್ತಿರಲಿಲ್ಲ, ಅಂಗಡಿಯ ಸೋಡಾ ಪರೀಕ್ಷೆಗೆ ನಡೆಯುತ್ತಿರಲಿಲ್ಲ. ಮುದ್ದೆಯಾದದ್ದನ್ನು ಕೊಟ್ಟರೆ ಮಕ್ಕಳಿಗೆ ತೊಂದರೆ ಎಂದು ಅವಳು ಅದನ್ನು ಕುಟ್ಟಿ, ಪಿಂಗಾಣಿ ಬಟ್ಟಲಿಗೆ ಹಾಕಿ, ಗಾಜಿನ ಸಾಮಾನು ಒಣಗಿಸುವ ಓವನ್ನಿನಲ್ಲಿಟ್ಟು ಕಾವಿನ ಗುಂಡಿಯನ್ನು ಪೂರ್ತಿ ತಿರುವಿದಳು. ಮಧ್ಯಾಹ್ನ ಇಟ್ಟದ್ದನ್ನು ಸಂಜೆಗೆ ತೆಗೆದಳು. ಪುಡಿ ಹಿಟ್ಟಿನಂತೆ ಹಗುರಾಗಿತ್ತು. ಒಂದಿಷ್ಟು ಕಡಿಮೆಯಾದಂತೆ ಕಂಡರೂ ನೀರಿನಂಶ ಹೋಗಿದೆ ಅಂದುಕೊಂಡಳು. ಮತ್ತೆ ಬಾಟಲಿಗೆ ತುಂಬಿ ಬೇರೆ ಮುಚ್ಚಳ ಬಿಗಿದಳು.

ಪರೀಕ್ಷೆಯ ದಿನ ಏಳನೇ ನಂಬರಿನ ಪೊಟ್ಟಣ ನಾಲ್ವರಿಗೆ ಬಂತು. ಅವರಲ್ಲಿ ಒಬ್ಬಳು ವಿದ್ಯಾಶ್ರೀ.

ಇಲ್ಲಿ ಒಂದು ಮಾತು ಹೇಳಲೇಬೇಕು. ಚೌಡಪ್ಪನ ಕಾಲದಿಂದಲೂ ಆ ಲ್ಯಾಬಿನಲ್ಲಿ ಒಂದು ರೂಢಿಯಿತ್ತು. ಮಕ್ಕಳು ಅಟೆಂಡರನ ಹತ್ತಿರ ಬಂದು ಮೆಲ್ಲಗೆ ಕೇಳುವುದು, ಅವನು ನೀರು ಹಾಕುವ ನೆಪದಲ್ಲಿ ಉಪ್ಪಿನ ಹೆಸರು ಉಸುರುವುದು. ಸರ್‌ಗಳು ಆಗ ಕಿಟಕಿಯ ಕಡೆ ನೋಡುತ್ತಿದ್ದರು. ಮಕ್ಕಳು ಪಾಸಾಗಲಿ ಎಂದು ಅಡಿವೆವ್ವನೂ ಅದನ್ನು ಮುಂದುವರಿಸಿದ್ದಳು. ಅವತ್ತೂ ಮೂವರು ಬಂದು ಕೇಳಿದರು. ಮೂವರಿಗೂ “ಬೈಕಾರ್ಬೊನೇಟ್” ಎಂದಳು.

ವಿದ್ಯಾಶ್ರೀ ಕೇಳಲು ಬರಲಿಲ್ಲ. ಅಡಿವೆವ್ವನೇ ಅವಳ ಟೇಬಲ್ಲಿನ ಹತ್ತಿರ ಹೋದಳು. ಹುಡುಗಿ ಟ್ಯೂಬನ್ನು ಬೆಳಕಿಗೆ ಹಿಡಿದು ನಿಂತಿದ್ದಳು. ಒಳಗೆ ಒಡೆದ ಹಾಲಿನಂತೆ ಬೆಳ್ಳಗೆ ಏನೋ ಕೂತಿತ್ತು.

“ಬೈ ಐತಿ, ತಂಗಿ.”

“ಇಲ್ಲಕ್ಕಾ. ಮೆಗ್ನೀಸಿಯಂ ಸಲ್ಫೇಟ್ ಹಾಕಿದ ಕೂಡ್ಲೇ ಬೆಳ್ಳಗಾತು. ಬೈ ಇದ್ರ ಕಾಸಿದ ಮ್ಯಾಲೆ ಆಗಬೇಕ್ರಿ, ತಣ್ಣಗಿದ್ದಾಗ ಆಗಬಾರ್ದು.”

“ನಾನ ಪೊಟ್ಟಣ ಕಟ್ಟೇನಿ. ನನ್ನ ಮಾತ ಕೇಳು.”

ವಿದ್ಯಾಶ್ರೀ ಅವಳ ಮುಖ ನೋಡಿದಳು, ಟ್ಯೂಬು ನೋಡಿದಳು. ಇನ್ನೊಂದು ಟ್ಯೂಬು ತೊಳೆದು ಮತ್ತೆ ಮಾಡಿದಳು. ಮತ್ತೆ ಬೆಳ್ಳಗೇ ಬಂತು. ಬಗ್ಗಿ ಕೂತು ಸೋಡಿಯಂ ಕಾರ್ಬೊನೇಟ್ ಎಂದು ಬರೆದಳು. ಇಷ್ಟು ಜಾಣೆ ಇವತ್ತೇ ಎಡವಿದಳಲ್ಲ ಎಂದು ಅಡಿವೆವ್ವ ಮರುಗಿದಳು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಹಾಳೆಯನ್ನೂ ಪಟ್ಟಿಯನ್ನೂ ಹಿಡಿದು ನೋಡಿದರು. “ಬೈಕಾರ್ಬೊನೇಟ್ ಅಲ್ಲೇನವಾ ಇದು?”

“ಅಲ್ರಿ ಸರ್. ತಣ್ಣಗಿದ್ದಾಗನ ಬಿತ್ರಿ. ಎರಡು ಸಲ ಮಾಡೇನ್ರಿ.”

“ಇದ ಉಪ್ಪು ಬಂದಿರೋ ಉಳಿದ ಮೂರೂ ಮಂದಿ ಬೈ ಅಂತ ಬರದಾರ. ಅವರೆಲ್ಲಾ ಸುಳ್ಳು, ನೀನೊಬ್ಬಾಕಿ ಖರೆ? ಟ್ಯೂಬರೆ ತೊಳಕೊಂಡಿದ್ದಿಲ್ಲೋ?”

ಪರೀಕ್ಷಕರು ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದರು. ಅವಳು ತನ್ನ ಕೈಗಳನ್ನೇ ನೋಡಿಕೊಳ್ಳುತ್ತ ಹೊರಗೆ ನಡೆದಳು. ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಲ್ಯಾಬಿನಲ್ಲಿ ಕೂಡಲಿಲ್ಲ.

ಎಲ್ಲರೂ ಹೋದ ಮೇಲೆ ಅಡಿವೆವ್ವ ಟ್ಯೂಬು ತೊಳೆಯಲು ಕೂತಳು. ಉಳಿದ ಮೂವರ ಸ್ಟ್ಯಾಂಡಿನಲ್ಲಿ ಟ್ಯೂಬುಗಳು ಒಣಗಿದಂತೆಯೇ ಇದ್ದವು. ಹೆಸರು ಸಿಕ್ಕ ಮೇಲೆ ಅವರು ಏನನ್ನೂ ಮಾಡಿ ನೋಡಿರಲಿಲ್ಲ. ಅವಳಿಗೆ ಏನೋ ಸರಿಯೆನಿಸಲಿಲ್ಲ. ಏಳನೇ ಬಾಟಲಿಯಿಂದ ಚಿಟಿಕೆ ಪುಡಿ ತೆಗೆದು ನೀರಿನಲ್ಲಿ ಕರಗಿಸಿ, ವರ್ಷಗಟ್ಟಲೆ ಮಕ್ಕಳು ಮಾಡುವುದನ್ನು ನೋಡಿದ್ದಂತೆ, ಮೆಗ್ನೀಸಿಯಂ ಸಲ್ಫೇಟ್ ಹನಿಸಿದಳು. ತಣ್ಣಗಿನ ನೀರು ಅವಳ ಕಣ್ಣೆದುರೇ ಬೆಳ್ಳಗಾಯಿತು.

ಫಕ್ಕೀರೇಶ ಸರ್ ಸ್ಟಾಫ್ ರೂಮಿನಲ್ಲಿ ಚೀಲ ಕಟ್ಟುತ್ತಿದ್ದರು.

“ಸರ್, ಭಜಿ ಸೋಡಾ ಕಾಸಿದ್ರ ಏನಾಗ್ತೈತ್ರಿ?”

“ನೀರು, ಗ್ಯಾಸು ಬಿಟ್ಟುಕೊಟ್ಟು ಕಾರ್ಬೊನೇಟ್ ಆಗ್ತೈತಿ. ಯಾಕ?” ಎಂದವರು ಅವಳ ಮುಖ ನೋಡಿ ಚೀಲ ಕೆಳಗಿಟ್ಟರು. “ಓವನ್ನಿಗೆ ಇಟ್ಟಿದ್ರೇನು?”

ಅವಳು ತಲೆಯಾಡಿಸಿದಳು. ಅವರು ಕುರ್ಚಿಯ ಮೇಲೆ ಕುಸಿದರು. “ಮಾರ್ಕ್ಸ್ ಆನ್‌ಲೈನಿಗೆ ಏರಿಸಿ ಆತು. ಲಕೋಟಿ ಸೀಲ್ ಆತು. ಪ್ರಾಕ್ಟಿಕಲ್‌ಗೆ ಮರುಎಣಿಕಿ ಇಲ್ಲ” ಎಂದರು.

“ಹುಡುಗಿ ಬರದಿದ್ದು ಖರೆ ಐತ್ರಿ ಸರ್.”

“ಖರೆ ಐತಿ ಅಂತ ನಾ ಬರದು ಕೊಟ್ರ, ಆ ಮೂರು ಮಂದಿ ಕಾರ್ಬೊನೇಟ್ ಕೈಯಾಗ ಹಿಡಕೊಂಡು ಬೈ ಅಂತ ಹೆಂಗ ಬರದ್ರು ಅಂತ ಕೇಳ್ತಾರ. ಏನ್ ಹೇಳ್ತೀರಿ? ನಿಮ್ಮ ನೌಕರಿನೂ ಹೋಗ್ತೈತಿ, ನಂದೂ ಹೋಗ್ತೈತಿ. ಆ ಮಕ್ಕಳ ಗತಿ ಏನು?” ಆಮೇಲೆ ದನಿ ತಗ್ಗಿಸಿ, “ಥಿಯರಿ ಪರೀಕ್ಷೆ ಮುಗೀಲಿ. ಆಕಿಗಷ್ಟ ತಿಳಿಸಿ ಹೇಳೂಣಂತ” ಎಂದರು.

ಅಡಿವೆವ್ವ ಒಪ್ಪಿದಳು. ಒಪ್ಪಿದ್ದಕ್ಕೆ ಸರ್ ಕಾರಣರಲ್ಲ, ತನ್ನ ಹೆದರಿಕೆಯೇ ಕಾರಣ ಎಂಬುದು ಅವಳಿಗೆ ಆಗಲೇ ಗೊತ್ತಿತ್ತು.

ಮಾರ್ಚಿನಲ್ಲಿ ಕೆಮಿಸ್ಟ್ರಿ ಪೇಪರಿನ ಬೆಳಗ್ಗೆ ವರಾಂಡದಲ್ಲಿ ವಿದ್ಯಾಶ್ರೀ ಎದುರಾದಳು. ಮುಖ ಇಳಿದಿತ್ತು.

“ಅಕ್ಕಾ, ಅವತ್ತು ನಾ ಎಲ್ಲಿ ತಪ್ಪಿದೆ? ಎಷ್ಟು ವಿಚಾರ ಮಾಡಿದ್ರೂ ತಿಳೀವಲ್ದು. ಈಗ ಯಾವ ಉತ್ತರ ಬರದ್ರೂ ಇದೂ ಹಂಗ ಆಗಿರಬೇಕು ಅನಸ್ತೈತಿ.”

ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರುವಂತಿರಲಿಲ್ಲ. ಹೇಳಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಅಡಿವೆವ್ವ ಬಾಯಿ ತೆರೆದಳು. ಅಷ್ಟರಲ್ಲಿ ವರಾಂಡದ ಆ ತುದಿಯಲ್ಲಿ ಪ್ರಿನ್ಸಿಪಾಲರು ಕಂಡರು.

“ಹೋಗ್ಲಿ ಬಿಡವ್ವ, ಅದನ್ನ ಮರತು ಚಂದಗೆ ಬರಿ” ಎಂದಳು.

ಫಲಿತಾಂಶ ಬಂದಾಗ ವಿದ್ಯಾಶ್ರೀಗೆ ಕೆಮಿಸ್ಟ್ರಿಯಲ್ಲಿ ಬರೀ ಪಾಸಾಗುವಷ್ಟು ಅಂಕ. ಸರಿಯಾಗಿ ಬರೆದದ್ದನ್ನೂ ಹೊಡೆದು ಹಾಕಿ ಬೇರೆ ಬರೆದಿದ್ದಳು ಎಂದು ಅವಳ ಗೆಳತಿಯೊಬ್ಬಳು ಹೇಳಿದಳು. ಅಗ್ರಿ, ಅಂದರೆ ಕೃಷಿ ಪದವಿ, ಓದಬೇಕೆಂದಿದ್ದ ಹುಡುಗಿಗೆ ಸೀಟು ಸಿಗಲಿಲ್ಲ. ಟಿಸಿ ಒಯ್ಯಲು ಅಪ್ಪ ಬಂದಿದ್ದ, ಅವಳು ಬರಲಿಲ್ಲ. ಫಕ್ಕೀರೇಶ ಸರ್ ಅಷ್ಟರಲ್ಲಿ ಬೇರೆ ಕಾಲೇಜು ಸೇರಿ ಊರು ಬಿಟ್ಟಿದ್ದರು.

ಆಗಸ್ಟಿನ ಒಂದು ಭಾನುವಾರ ಅಡಿವೆವ್ವ ಚಿಕ್ಕೇರೂರಿನ ಬಸ್ಸು ಹತ್ತಿದಳು. ಮನೆಯಲ್ಲಿ ವಿದ್ಯಾಶ್ರೀಯ ತಾಯಿ ಅನ್ನವ್ವ ಇದ್ದಳು. “ಕಾಲೇಜಿನವರು ಬಂದಾರ, ಕುಂದರ್ರಿ ಕುಂದರ್ರಿ” ಎಂದು ಚಾಪೆ ಹಾಸಿದಳು. ಮಗಳು ಬೀಜದ ಕಂಪನಿಯ ಹತ್ತಿ ಹೊಲಕ್ಕೆ ಹೂವಿಗೆ ಹೂ ತಾಗಿಸುವ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಾಳಂತೆ. ಸ್ವಲ್ಪ ಹೊತ್ತಿನಲ್ಲಿ ವಿದ್ಯಾಶ್ರೀ ಬಂದಳು. ಬೆರಳ ತುದಿಗೆಲ್ಲ ಪರಾಗ ಮೆತ್ತಿ ಹಳದಿಯಾಗಿತ್ತು. ಬಿಸಿಲಿಗೆ ಕಂದಿದ್ದಳು. ಅಡಿವೆವ್ವನನ್ನು ನೋಡಿ ನಕ್ಕಳು. ಆ ನಗು ಟ್ಯೂಬು ತೊಳೆಯುವಾಗ ಕೇಳುತ್ತಿದ್ದ ನಗುವಲ್ಲ.

ತಾಯಿ ಚಹಾಕ್ಕೆ ಒಳಗೆ ಹೋದಾಗ ಅಡಿವೆವ್ವ ಎಲ್ಲವನ್ನೂ ಹೇಳಿದಳು. ಸೀಳಿದ ಮುಚ್ಚಳ, ಓವನ್ನು, ಮೂವರಿಗೆ ಉಸುರಿದ ಹೆಸರು, ಸಂಜೆ ತಾನೇ ಮಾಡಿ ನೋಡಿದ್ದು, ವರಾಂಡದಲ್ಲಿ ಬಾಯಿ ಕಟ್ಟಿದ್ದು, ಯಾವುದನ್ನೂ ಮುಚ್ಚಿಡಲಿಲ್ಲ. ಹೇಳುತ್ತ ಹೇಳುತ್ತ ಅವಳ ಕಣ್ಣಿನಿಂದ ನೀರಿಳಿಯಿತು. “ನೀ ಬರದಿದ್ದ ಖರೆ ಇತ್ತು ತಂಗಿ. ತಪ್ಪು ನಂದು.”

ವಿದ್ಯಾಶ್ರೀ ಅಳಲಿಲ್ಲ. ಗೋಡೆಗೆ ಒರಗಿ ಕೂತು ಬೆರಳಿನ ಪರಾಗವನ್ನು ದುಪಟ್ಟಾಕ್ಕೆ ಒರೆಸುತ್ತಲೇ ಇದ್ದಳು.

“ಯಾಕ ಬಂದು ಹೇಳಿದ್ರಿ ಅಕ್ಕಾ?” ಎಂದಳು ಕೊನೆಗೆ. “ನನ್ನ ತೆಲಿಗೆ ಹತ್ತೂದಿಲ್ಲ ಅಂತ ಒಪ್ಪಿಕೊಂಡು ಸುಮ್ಮನಾಗಿದ್ದೆ. ದಿನಾ ಹೊಲಕ್ಕ ಹೋಗಾಕತ್ತಿದ್ದೆ. ಇನ್ನ ನಾಳಿಂದ ಹೆಂಗ ಹೋಗ್ಲಿ?”

“ಮತ್ತೊಮ್ಮೆ ಪರೀಕ್ಷೆ ಕಟ್ಟವ್ವ. ನಾ ಬಂದು ಎಲ್ಲಾರ ಮುಂದ ಹೇಳ್ತೇನಿ. ನೌಕರಿ ಹೋದ್ರ ಹೋಗ್ಲಿ.”

“ಪರೀಕ್ಷೆದ್ದಲ್ಲಕ್ಕಾ ಮಾತು. ನನ್ನ ಕಣ್ಣಿಗೆ ಕಂಡಿದ್ದು ಖರೆ ಅನ್ನೂ ಧೈರ್ಯ ಇತ್ತಲ್ಲ, ಅದು ಹೋತು. ಖರೆ ಇತ್ತು ಅಂತ ನೀವು ಈಗ ಹೇಳಿದ್ರೂ ಅದು ತಿರುಗಿ ಬರವಲ್ದು.” ಒಳಗೆ ಬಟ್ಟಲಿನ ಸದ್ದಾಯಿತು. ಅವಳು ಮುಂದೆ ಬಾಗಿ ಅವಸರದಲ್ಲಿ ಹೇಳಿದಳು. “ಅವ್ವಗ ಹೇಳಬ್ಯಾಡ್ರಿ. ಆಕಿ ಕಾಲೇಜಿಗೆ ಬಂದು ಎದಿ ಎದಿ ಬಡಕೊಂತಾಳ. ಏನೂ ಆಗೂದಿಲ್ಲ. ಹೇಳೂದಿಲ್ಲಂತ ಮಾತು ಕೊಡ್ರಿ.”

ಅಡಿವೆವ್ವ ಮಾತು ಕೊಟ್ಟಳು.

ಅನ್ನವ್ವ ಚಹಾ ತಂದಿಟ್ಟು ಎದುರಿಗೆ ಕೂತಳು. “ನೀವೆಲ್ಲಾ ಭಾಳ ಕಲಿಸಿದ್ರಿ ಬಿಡ್ರಿ. ಇಕಿ ತೆಲಿಗ ಅದು ಹತ್ತಲಿಲ್ಲ. ಎಲ್ಲಾರೂ ಬರದಿದ್ದು ಒಂದು, ಇಕಿ ಬರದಿದ್ದು ಒಂದಂತ. ಹೌದಲ್ರಿ?”

ವಿದ್ಯಾಶ್ರೀ ನೆಲ ನೋಡುತ್ತ ಕೂತಿದ್ದಳು. ಅಡಿವೆವ್ವ ಚಹಾದ ಬಟ್ಟಲನ್ನು ಕೆಳಗಿಟ್ಟಳು.

“ಹೌದ್ರಿ” ಎಂದಳು.