ವಾರಕ್ಕೊಂದು ಕಾಮನಬಿಲ್ಲು

“ಇದರ ಗಂಟಲಿಗೆ ಏನು ಬಂತಪ್ಪಾ?”

ಸಿಯೇನಿ ಯಾರನ್ನೂ ಕುರಿತು ಕೇಳಿದ್ದಲ್ಲ. ಮನೆಯಲ್ಲಿ ಆಗ ಇದ್ದದ್ದು ಚಾಪೆಯ ಮೇಲೆ ಅಂಗಾತ ಬಿದ್ದು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ ಗಂಡ ಪೆಲೆನಾಟೊ, ತೊಲೆಯ ಮೇಲೊಂದು ಹಲ್ಲಿ, ಮತ್ತೆ ಪ್ರಿಂಟರು. ಪ್ರಿಂಟರು ಕೆಮ್ಮಿತು, ಕ್ಯಾಕರಿಸಿತು. ಊರ ಸಭೆಯಲ್ಲಿ ಮಾತಿಗೆ ಎದ್ದುನಿಂತ ಹಿರಿಯರ ಹಾಗೆ ಬಹಳ ಹೊತ್ತು ಗಂಟಲು ಸರಿಮಾಡಿಕೊಂಡು, ಕೊನೆಗೆ ಒಂದು ಹಾಳೆಯನ್ನು ಹೊರಗೆ ತಳ್ಳಿತು. ಅದರ ಮೇಲೆ ಕಾಮನಬಿಲ್ಲು ಇರಬೇಕಿತ್ತು. ಇದ್ದದ್ದು ಒಂದು ಕೆಂಪು ಗೆರೆ, ಅದೂ ಅಲ್ಲಲ್ಲಿ ಹರಿದದ್ದು. ಕೆಳಗಿನ ವಾಕ್ಯದಲ್ಲಿ ಅರ್ಧಕ್ಕರ್ಧ ಅಕ್ಷರ ಮಾಯ. ಪಾಠ ಮರೆತ ಮಗು ನಡುನಡುವೆ ನುಂಗಿಕೊಂಡು ಒಪ್ಪಿಸಿದ ಹಾಗಿತ್ತು.

ಅದು ಹೋದ ವರ್ಷದ ಮಾತು. ಬಿಳಿ ಭಾನುವಾರಕ್ಕೆ ಇನ್ನೊಂದು ತಿಂಗಳಿತ್ತು. ಆ ದಿನ ಊರಿನ ಮಕ್ಕಳೆಲ್ಲ ಬಿಳಿ ಬಟ್ಟೆ ತೊಟ್ಟು ದೇವಾಲಯದಲ್ಲಿ ಒಬ್ಬೊಬ್ಬರಾಗಿ ಮುಂದೆ ಬಂದು, ತಮ್ಮ ಪಾಲಿನ ಬೈಬಲ್ ವಾಕ್ಯವನ್ನು ಬಾಯಿಪಾಠ ಒಪ್ಪಿಸಬೇಕು. ಆಮೇಲೆ ಮನೆಯಲ್ಲಿ ಅವರಿಗೇ ಮೊದಲ ಪಂಕ್ತಿ, ದೊಡ್ಡವರು ಬಡಿಸಬೇಕು. ಮಕ್ಕಳಿಗೆ ವಾಕ್ಯ ಕಲಿಸುವ ಕೆಲಸ ಸಿಯೇನಿಯದು. ಅವಳು ಕಲಿತದ್ದು ಅಜ್ಜಿಯ ಬಾಯಿಂದ, ತೆಂಗಿನಕಾಯಿ ತುರಿಯುವ ಸದ್ದಿನ ಲಯದಲ್ಲಿ. ಮೊದಲೆಲ್ಲ ಕಲಿಸಿದ್ದೂ ಹಾಗೆಯೇ. ಅವಳು ಒಂದು ಸಾಲು ಹೇಳಿದರೆ ಮಕ್ಕಳ ಹಿಂಡು ಅದನ್ನೇ ಎತ್ತಿಕೊಂಡು ಹೇಳುತ್ತಿತ್ತು, ಅಲೆ ಬಂದು ಅಲೆ ಹೋದಂತೆ. ಕಾಗದದ ಗೊಡವೆಯೇ ಇರಲಿಲ್ಲ.

ಪ್ರಿಂಟರು ಕೆಡುವುದಕ್ಕೆ ಕೆಲವು ವರ್ಷ ಮುಂಚೆ ಆಸ್ಪತ್ರೆಯಲ್ಲಿ ಅವಳ ಗಂಟಲಿನಿಂದ ಒಂದು ಗಂಟು ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಈಗ ಅವಳು ಮಾತಾಡಿದರೆ ಒಣ ಬಾಳೆಲೆ ಸರಿದಷ್ಟೇ ಸದ್ದು. ಮಕ್ಕಳ ಹಿಂಡಿಗೆ ಅದು ಕೇಳಿಸದು. ಅದಕ್ಕೇ ಆಕ್ಲೆಂಡಿನಲ್ಲಿದ್ದ ಅಣ್ಣ ಪ್ರಿಂಟರು ಕಳಿಸಿದ. ಪ್ರತಿ ಮಗುವಿಗೂ ಒಂದು ಚೀಟಿ, ಅದರಲ್ಲಿ ದಪ್ಪ ಅಕ್ಷರದಲ್ಲಿ ವಾಕ್ಯ. ಮನೆಯಲ್ಲಿ ತಾಯಂದಿರು ಓದಿ ಹೇಳಿಕೊಡುತ್ತಾರೆ. ಓದು ಬಾರದ ಚಿಕ್ಕವರಿಗೆ ನೆನಪಿಗೆಂದು ಮೇಲೊಂದು ಬಣ್ಣದ ಚಿತ್ರ: ದೋಣಿ, ಮೀನು, ಪಾರಿವಾಳ, ಕಾಮನಬಿಲ್ಲು.

ಬಂದ ಪ್ರಿಂಟರನ್ನು ಇಬ್ಬರೂ ಬಹಳ ಮರ್ಯಾದೆಯಿಂದ ನೋಡಿಕೊಂಡರು. ಗಾಜಿನ ಬೀರುವಿನ ಮೇಲೆ, ತೀರಿಕೊಂಡ ಅಪ್ಪ ಅಮ್ಮನ ಪಟಗಳ ಪಕ್ಕ ಅದರ ಜಾಗ. ಮೈಗೆ ಅಂಟಿದ್ದ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತಿರಲಿಲ್ಲ. ಮೇಲೊಂದು ಕಸೂತಿ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹೂವಿನ ಹಾರ. ವರ್ಷಕ್ಕೊಮ್ಮೆ ಹಾರ ತೆಗೆದು ಚೀಟಿ ಮುದ್ರಿಸಿ ಮತ್ತೆ ಹಾರ ಹಾಕುವುದು. ಒಳ್ಳೆಯ ವಸ್ತುವನ್ನು ದಿನಾ ಬಳಸಿ ಸವೆಸುವವರು ಯಾರಾದರೂ ಇದ್ದಾರೆಯೆ?

ಪೆಲೆನಾಟೊ ಎದ್ದು ಬಂದು ಹಾಳೆಯನ್ನು ಬೆಳಕಿಗೆ ಹಿಡಿದ. ಆಯುಷ್ಯವೆಲ್ಲ ಬಸ್ಸು ಓಡಿಸಿದವನು. ಯಾವ ಯಂತ್ರದ ಮುಂದೆಯೂ ಗೊತ್ತಿಲ್ಲ ಅಂದವನಲ್ಲ.

“ಶೀತ ಆಗಿದೆ. ಲೋಸಳನ್ನ ಕರೀತೀನಿ.”

ಲೋಸ ಪಕ್ಕದ ಮನೆಯವಳು, ಊರಿಗೆಲ್ಲ ನಾಟಿ ವೈದ್ಯೆ. ಉಳುಕು, ನರ, ಮಕ್ಕಳ ಹೊಟ್ಟೆನೋವು, ಎಲ್ಲವನ್ನೂ ತೆಂಗಿನೆಣ್ಣೆ ಹಚ್ಚಿ ತಿಕ್ಕಿಯೇ ಇಳಿಸುವವಳು. ಬಂದವಳು ಪ್ರಿಂಟರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

“ಎಷ್ಟು ದಿನದಿಂದ ಹೀಗಿದೆ?”

“ಹೋದ ಬಿಳಿ ಭಾನುವಾರಕ್ಕೆ ಚೆನ್ನಾಗಿತ್ತು ಕಣೆ.”

“ಆಮೇಲೆ?”

“ಆಮೇಲೆ ಮುಟ್ಟೇ ಇಲ್ಲ.”

“ನಮ್ಮತ್ತೆಗೂ ಹೀಗೇ ಆಗಿತ್ತು. ಒಂದು ವರ್ಷ ಕೂತಲ್ಲೇ ಕೂತಿದ್ಲು. ಆಮೇಲೆ ಏಳು ಅಂದ್ರೆ ಎಲ್ಲಿ ಏಳ್ತಾಳೆ?” ಮುಚ್ಚಳ ಎತ್ತಿ ಬೆರಳು ಒಳಗೆ ಬಿಟ್ಟಳು. “ಹಾಂ, ಇಲ್ಲೇ ನೋಡು ಗಂಟು. ನರ ಹಿಡಿದಿದೆ.”

ಎಣ್ಣೆ ಬಂತು. ಲೋಸ ಕಣ್ಣು ಮುಚ್ಚಿಕೊಂಡು ಪ್ರಿಂಟರಿನ ಹೊಟ್ಟೆಯನ್ನು ಒಳಗಿಂದಲೇ ತಿಕ್ಕಿದಳು. ಮುಂದಿನ ಹಾಳೆ ಸುಯ್ಯೆಂದು ಜಾರಿ ಬಂತು. ಎಣ್ಣೆಯಲ್ಲಿ ಕರಿದ ಪಾನಿಕೇಕೆ ಉಂಡೆಗಳನ್ನು ಸುತ್ತಿದ ಕಾಗದದ ಹಾಗೆ ಪಾರದರ್ಶಕವಾಗಿತ್ತು. ಎತ್ತಿ ಹಿಡಿದರೆ ಆಚೆಯ ಸಮುದ್ರ ಕಾಣಿಸುತ್ತಿತ್ತು.

“ನೋಡಿದ್ಯಾ, ಎಷ್ಟು ಸಲೀಸಾಗಿ ಬಂತು!”

“ಕಾಗದ ಬಂತು. ಅಕ್ಷರ ಎಲ್ಲೇ?”

“ಅಕ್ಷರ ನನ್ನ ಕೆಲಸ ಅಲ್ಲಮ್ಮ. ನಾನು ನರ ನೋಡೋಳು,” ಎಂದು ಲೋಸ ಕೈ ಒರೆಸಿಕೊಂಡಳು.

ಆ ವರ್ಷ ಚೀಟಿಗಳನ್ನು ಪೆಲೆನಾಟೊ ಕೈಯಲ್ಲೇ ಬರೆದ. ಕೆಟ್ಟ ರಸ್ತೆಯಲ್ಲಿ ಬಸ್ಸು ಓಡಿದ ಹಾಗೆ ಅವನ ಅಕ್ಷರ. ಯಾವ ತಾಯಿಗೂ ಓದಲಾಗಲಿಲ್ಲ. ಕೆಲವರು ತಮಗೆ ತೋಚಿದ್ದನ್ನು ಕಲಿಸಿದರು, ಕೆಲವರು ಬಿಟ್ಟೇಬಿಟ್ಟರು. ಬಿಳಿ ಭಾನುವಾರ ಎಲ್ಲರಿಗಿಂತ ಚಿಕ್ಕವಳು ಮೆರೀಪ ಮೈಕಿನ ಮುಂದೆ ಬಂದು ನಿಂತಳು. ಕಾಮನಬಿಲ್ಲಿನ ವಾಕ್ಯ ಅವಳದು. ಬಾಯಿ ತೆರೆದಳು, ಏನೂ ಬರಲಿಲ್ಲ. ಮುಂದಿನ ಬೆಂಚಿನಿಂದ ಸಿಯೇನಿ ಮೊದಲ ಪದವನ್ನು ಹೇಳಿಕೊಟ್ಟಳು, ಮತ್ತೆ ಹೇಳಿಕೊಟ್ಟಳು. ಫ್ಯಾನಿನ ಗಾಳಿ ಆ ದನಿಯನ್ನು ಎತ್ತಿಕೊಂಡು ಹೋಯಿತು. ಮಗುವಿನ ಕಣ್ಣು ತನ್ನ ತುಟಿಯನ್ನೇ ಹುಡುಕುತ್ತಿದ್ದದ್ದು ಸಿಯೇನಿಗೆ ಕಾಣುತ್ತಿತ್ತು. ಕೊನೆಗೆ ಮೆರೀಪ ಅಳುತ್ತಾ ಹೋಗಿ ತಾಯಿಯ ಮಡಿಲಲ್ಲಿ ಮುಖ ಹುದುಗಿಸಿದಳು. ಆ ದಿನ ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನೆಲೆಯನ್ನು ಸಿಯೇನಿ ಮುಟ್ಟದೆ ಎತ್ತಿಟ್ಟಳು. ಮುಂದಿನ ವರ್ಷ ಹೀಗಾಗಬಾರದು ಎಂದು ದೇವರಿಗೆ ಹೇಳಿದಳು. ದೇವರಿಗೆ ಮಾತ್ರ ಅವಳ ದನಿ ಮೊದಲಿನಷ್ಟೇ ಕೇಳಿಸುತ್ತಿತ್ತು.

ವಾರ ಕಳೆಯುವಷ್ಟರಲ್ಲಿ ಇಬ್ಬರೂ ಬಸ್ಸು ಹತ್ತಿ ಸಲೆಲೋಲೊಗ ಪಟ್ಟಣದ ಅಂಗಡಿಗೆ ಹೋದರು. ಹಳೆಯ ಪ್ರಿಂಟರು ಪೆಲೆನಾಟೊನ ತೊಡೆಯ ಮೇಲಿತ್ತು. ಅಂಗಡಿಯವನು ಮುಚ್ಚಳ ತೆಗೆದು ಮೂಸಿ ನೋಡಿದ.

“ಇದನ್ನ ಪ್ರಿಂಟ್ ಮಾಡೋಕೆ ಇಟ್ಟಿದ್ರೋ, ಹುರಿಯೋಕೆ ಇಟ್ಟಿದ್ರೋ?”

“ಹೊಸದು ಬೇಕು,” ಎಂದಳು ಸಿಯೇನಿ. ಅವನು ಕೌಂಟರಿನ ಮೇಲೆ ಬಾಗಿ ಕಿವಿ ಕೊಟ್ಟ.

“ಎಷ್ಟು ದಿನಕ್ಕೊಮ್ಮೆ ಪ್ರಿಂಟ್ ಮಾಡ್ತೀರಮ್ಮ?”

“ವರ್ಷಕ್ಕೊಮ್ಮೆ.”

“ಹಂಗಾದ್ರೆ ಲೇಸರ್ ತಗೊಳ್ಳಿ. ಅದರದ್ದು ಪುಡಿ. ಒಣಗೋಕೆ ಅದರಲ್ಲಿ ನೀರೇ ಇಲ್ಲ. ವರ್ಷ ಬಿಟ್ಟು ಎಬ್ಬಿಸಿದ್ರೂ ಎದ್ದು ಕೂರುತ್ತೆ.”

“ಕಾಮನಬಿಲ್ಲು ಬರುತ್ತಾ?”

“ಬರುತ್ತೆ. ಕಪ್ಪು ಕಾಮನಬಿಲ್ಲು.” ಬಣ್ಣದ ಲೇಸರನ್ನೂ ತೋರಿಸಿದ. ಬೆಲೆ ಕೇಳಿ ಪೆಲೆನಾಟೊ ಅದನ್ನು ಮುಟ್ಟಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. ಆ ದುಡ್ಡಿಗೆ ದೋಣಿಯ ಇಂಜಿನ್ ಬರುತ್ತಿತ್ತು.

“ಇಂಕಿನದೇ ಕೊಡಿ,” ಎಂದಳು ಸಿಯೇನಿ. “ಒಣಗದ ಹಾಗೆ ನೋಡ್ಕೊಳ್ಳೋದು ಹೇಗೆ, ಅದನ್ನ ಹೇಳಿ.”

“ವಾರಕ್ಕೊಂದು ಹಾಳೆ ತೆಗೀಬೇಕು. ಬರೀ ಕಪ್ಪಲ್ಲ, ಎಲ್ಲ ಬಣ್ಣಾನೂ ಹರೀಬೇಕು. ಗಾಳಿ, ಬಿಸಿಲು, ಉಪ್ಪುಗಾಳಿ ತಾಗಬಾರದು. ಆಮೇಲೆ, ಆಫ್ ಮಾಡೋದು ಇದರದೇ ಗುಂಡಿ ಒತ್ತಿ. ನೀವೇನು, ಪ್ಲಗ್ ಕೀಳ್ತಿದ್ರಾ?”

ಪೆಲೆನಾಟೊ ಎದೆ ಸೆಟೆಸಿದ. “ಸಂಜೆ ಪ್ರಾರ್ಥನೆ ಗಂಟೆ ಆದ ತಕ್ಷಣ ಕಿತ್ತುಬಿಡ್ತಿದ್ದೆ. ಪ್ರಾರ್ಥನೆ ಹೊತ್ತಲ್ಲಿ ಯಂತ್ರ ಎಚ್ಚರ ಇರಬಾರದು ನೋಡಿ.”

“ಗುಂಡಿ ಒತ್ತಿದ್ರೆ ಅದು ಬಾಯಿ ಮುಚ್ಕೊಂಡು ಮಲಗುತ್ತೆ. ಪ್ಲಗ್ ಕಿತ್ರೆ ಬಾಯಿ ತೆರಕೊಂಡೇ ಇರುತ್ತೆ. ರಾತ್ರಿಯೆಲ್ಲ ಬಾಯಿ ತೆರಕೊಂಡು ಮಲಗಿದ್ರೆ ಗಂಟಲು ಒಣಗಲ್ವಾ?”

ಸಿಯೇನಿ ಗಂಡನನ್ನು ನೋಡಿದಳು. ಅವನು ಅಂದಿನಿಂದ ಎಷ್ಟೋ ದಿನ ಮಗ್ಗುಲಾಗಿ ಮಲಗಿದ.

ಹೊಸ ಪ್ರಿಂಟರಿಗೆ ಹಾರ ಬೀಳಲಿಲ್ಲ. ಆ ಊರಿನ ಮನೆಗಳಿಗೆಲ್ಲ ಕಂಬಗಳೇ ಹೊರತು ಗೋಡೆ ಇರಲಿಲ್ಲವಾದ್ದರಿಂದ ಗಾಳಿ ತಾಗದ ಜಾಗ ಹುಡುಕಿ, ಬೀರುವಿನ ಕೆಳಖಾನೆಯಲ್ಲಿ ಇಟ್ಟರು. ಪ್ರತಿ ಶನಿವಾರ ಸಂಜೆ, ಊರ ಹಿರಿಯರು ನೇತುಹಾಕಿದ ಖಾಲಿ ಗ್ಯಾಸ್ ಸಿಲಿಂಡರನ್ನು ಬಡಿದು ಪ್ರಾರ್ಥನೆಯ ಗಂಟೆ ಮಾಡುವ ಮುಂಚೆ, ಸಿಯೇನಿ ಒಂದು ಹಾಳೆ ತೆಗೆಯುತ್ತಿದ್ದಳು. ಎಲ್ಲ ಬಣ್ಣ ಹರಿಯಬೇಕು ತಾನೆ? ಕಾಮನಬಿಲ್ಲಿಗಿಂತ ಬೇರೆ ಯಾವುದಿದೆ? ಅದರ ಕೆಳಗೆ ಮೆರೀಪಳ ವಾಕ್ಯ. ಬಾಯಿಪಾಠಕ್ಕೂ ಇದೇ ನಿಯಮವಲ್ಲವೆ, ಎಂದು ಅವಳಿಗೆ ಆಗಾಗ ಅನ್ನಿಸುತ್ತಿತ್ತು. ವಾರಕ್ಕೊಮ್ಮೆ ಹೇಳದ ವಾಕ್ಯ ನಾಲಿಗೆಯ ತುದಿಯಲ್ಲೇ ಒಣಗಿಹೋಗುತ್ತದೆ. ಆ ಹಾಳೆ ಪ್ರತಿ ವಾರ ಮೆರೀಪಳ ಮನೆಗೆ ಹೋಗುತ್ತಿತ್ತು. ಮಗು ಅದನ್ನು ಕಂಬಕ್ಕೆ ಅಂಟಿಸುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಮನೆಯ ಕಂಬಗಳೆಲ್ಲ ಕಾಮನಬಿಲ್ಲಾಗಿದ್ದವು.

ಕಂಬ ಊರಿಗೆಲ್ಲ ಕಾಣುತ್ತದೆ. ಮೊದಲು ಬಂದವಳು ಲೋಸ.

“ನನ್ನ ಹಂದಿ ಮಾರಾಟಕ್ಕಿದೆ ಕಣೆ. ಅಂಗಡಿ ಬಾಗಿಲಿಗೆ ಅಂಟಿಸೋಕೆ ಅದರ ಫೋಟೋ ಬೇಕು. ದೊಡ್ಡದಾಗಿ ಬರಲಿ. ಬಣ್ಣ ಸರಿಯಾಗಿ ಬರಲಿ, ಪಾಪ, ಬೆಳ್ಳಗಿದೆ.”

“ಇದು ಮಕ್ಕಳ ಚೀಟಿಗೆ ಅಂತ ಇಟ್ಟಿರೋದು...”

“ಹೇಗೂ ವಾರವಾರ ಇಂಕ್ ಹರೀಲೇಬೇಕಲ್ಲ? ನಿಜ ಹೇಳಬೇಕಂದ್ರೆ ನೀನು ನಮಗೆ ಉಪಕಾರ ಮಾಡ್ತಿಲ್ಲ, ನಾವು ನಿನಗೆ ಮಾಡ್ತಿದ್ದೀವಿ. ನಿನ್ನ ಪ್ರಿಂಟರಿನ ಗಂಟಲು ಒಣಗದ ಹಾಗೆ ನೋಡ್ಕೋತಿದ್ದೀವಿ.”

ಅವರ ಊರಿನಲ್ಲಿ ಕೇಳಿದವರಿಗೆ ಮುಖದ ಮೇಲೆ ಇಲ್ಲ ಅನ್ನುವ ಪದ್ಧತಿಯಿಲ್ಲ. ಕೊಡಲು ಮನಸ್ಸಿಲ್ಲದವರು ನಾಳೆ ನೋಡೋಣ ಅನ್ನುತ್ತಾರೆ, ಇಲ್ಲವೆ ಮುಗಿದುಹೋಯಿತು ಎಂದು ಒಂದು ಸುಳ್ಳು ಹೇಳುತ್ತಾರೆ. ಕೇಳಿದವರೂ ಅರ್ಥಮಾಡಿಕೊಂಡು ಎದ್ದು ಹೋಗುತ್ತಾರೆ. ಸಿಯೇನಿಗೆ ಸುಳ್ಳು ಒಗ್ಗದು. ಹಾಗಾಗಿ ಅವಳಿಗೆ ಉಳಿದದ್ದು ಹೂಂ ಒಂದೇ.

ಹಂದಿ ಹೊರಬಂತು, ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ. ಅದರ ಹಿಂದೆ ಕ್ರಿಕೆಟ್ ತಂಡ ಬಂತು, ತಪ್ಪಿಸಿಕೊಂಡ ನಾಯಿ ಬಂತು, ಯಾರದೋ ತೊಂಬತ್ತರ ಹುಟ್ಟುಹಬ್ಬ ಬಂತು. ಮೊದಲು ಬಳಸದೆ ಒಣಗುತ್ತಿದ್ದದ್ದು ಈಗ ಬಳಸಿಯೇ ಬರಿದಾಗತೊಡಗಿತು. ಅತಿಯಾದರೆ ಅಮೃತವೂ ವಿಷ ಅನ್ನುವುದು ಪ್ರಿಂಟರಿಗೂ ಸಲ್ಲುತ್ತದೆ.

ಬಿಳಿ ಭಾನುವಾರ ಮತ್ತೆ ಹತ್ತಿರ ಬಂತು. ಚೀಟಿಗಳನ್ನು ಸೋಮವಾರ ಹಂಚಬೇಕು. ಪೆಲೆನಾಟೊ ಇಂಕಿಗೆಂದು ಪಟ್ಟಣಕ್ಕೆ ಹೋಗಿ ಬರಿಗೈಯಲ್ಲಿ ಬಂದ.

“ಈ ನಮೂನೆ ಕಾರ್ಟ್ರಿಜ್ ಇಡೀ ದ್ವೀಪದಲ್ಲಿ ಇಲ್ವಂತೆ ಮುದುಕಿ. ರಾಜಧಾನಿ ಆಪಿಯಾದಲ್ಲೂ ಇಲ್ಲ. ಹಡಗು ಬರೋದು ಬಿಳಿ ಭಾನುವಾರ ಕಳೆದ ಮೇಲೇ ಅಂತೆ.”

ಪ್ರಿಂಟರಿನ ಪುಟ್ಟ ಪರದೆಯ ಮೇಲೆ ನಾಲ್ಕು ಶೀಸೆಗಳ ಚಿತ್ರವಿತ್ತು. ನೀಲಿಯದರಲ್ಲಿ ತಳ ಕಾಣುತ್ತಿತ್ತು. ಅಂಗಡಿಯವನನ್ನು ಫೋನಿನಲ್ಲಿ ಕೇಳಿದರೆ, ಚಿಕ್ಕಚಿಕ್ಕ ಚಿತ್ರದ ಚೀಟಿಗಳಾದರೆ ಎಲ್ಲ ಬರುತ್ತವೆ, ದೊಡ್ಡ ಫೋಟೋ ಒಂದು ತೆಗೆದರೂ ನೀಲಿ ಮುಗಿಯುತ್ತದೆ ಎಂದ.

“ಇನ್ನು ಯಾರು ಬಂದರೂ ನೀನು ಸುಮ್ಮನಿರು,” ಎಂದ ಪೆಲೆನಾಟೊ. “ಇಂಕ್ ಮುಗೀತು ಅಂತ ನಾನು ಹೇಳ್ತೀನಿ. ನನ್ನ ಬಾಯಿ, ನನ್ನ ಪಾಪ.”

ಶನಿವಾರ ಸಂಜೆ ಬಂದವರು ದೇವಾಲಯದ ಪಾದ್ರಿ ಅಯ್ಯನವರೇ.

ಅಯ್ಯನವರಿಗೆ ಒಳ್ಳೆಯ ಚಾಪೆ ಹಾಸಿದರು, ಬಟ್ಟಲು ತುಂಬ ಬಿಸಿ ಕೋಕೋ ಕೊಟ್ಟರು. ಅವರು ಊರಿಗೆಲ್ಲ ತಂದೆಯ ಹಾಗೆ. ಸಿಯೇನಿಗೆ ಆಪರೇಷನ್ ಆದಾಗ ಆಸ್ಪತ್ರೆಯ ಬೆಂಚಿನ ಮೇಲೆ ಪೆಲೆನಾಟೊನ ಜೊತೆ ಕೂತಿದ್ದವರು. ಯಾವ ಮನೆಯಲ್ಲಿ ಮೀನು ಬಂದರೂ ಮೊದಲ ಪಾಲು ಅವರ ಮನೆಗೆ. ಅವರು ಕೇಳಿದ್ದಕ್ಕೆ ಯಾರಾದರೂ ಇಲ್ಲ ಅಂದದ್ದನ್ನು ಸಿಯೇನಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

“ನಾಳೆ ಆಪಿಯಾದಿಂದ ಅತಿಥಿಗಳು ಬರ್ತಾರಲ್ಲ ಸಿಯೇನಿ,” ಎಂದು ಅಯ್ಯನವರು ಜೇಬಿನಿಂದ ಸಣ್ಣ ಪೆನ್‌ಡ್ರೈವ್ ಕಡ್ಡಿಯೊಂದನ್ನು ತೆಗೆದು, ಮಗುವನ್ನು ಮಲಗಿಸುವ ಹಾಗೆ ಚಾಪೆಯ ಮೇಲೆ ಇಟ್ಟರು. “ದೇವಾಲಯದ ಬಾಗಿಲಿಗೆ ಹಾಕೋಕೆ ಒಂದು ಚಿತ್ರ. ನಾನು ಬಂಡೆ ಮೇಲೆ ನಿಂತಿದ್ದೀನಿ. ಹಿಂದೆ ಸಮುದ್ರ, ಮೇಲೆ ಆಕಾಶ. ನನ್ನ ಹೆಂಡತಿ ತೆಗೆದಿದ್ದು. ಪುಟದ ತುಂಬ ಬರಲಿ. ಒಂದೇ ಒಂದು.”

ಸಮುದ್ರ. ಆಕಾಶ. ಪುಟದ ತುಂಬ. ಎಲ್ಲ ನೀಲಿಯೇ.

ಪೆಲೆನಾಟೊ ಒಮ್ಮೆ ಕೆಮ್ಮಿದ. “ಅಯ್ಯನವರೇ, ಏನು ಹೇಳೋದು, ಇಂಕ್ ಪೂರ್ತಿ ಮುಗಿದುಹೋಗಿದೆ. ಒಂದು ತೊಟ್ಟೂ ಇಲ್ಲ.”

ಬೀರುವಿನ ಕೆಳಖಾನೆಯಲ್ಲಿ ಏನೋ ಗಂಟಲು ಸರಿಮಾಡಿಕೊಂಡಿತು. ಅಯ್ಯನವರು ಬರುವ ಮುಂಚೆ ಸಿಯೇನಿ ಆ ವಾರದ ಹಾಳೆಗೆಂದು ಗುಂಡಿ ಒತ್ತಿ ಬಂದಿದ್ದಳು. ಯಂತ್ರಕ್ಕೆ ಈಗ ಎಚ್ಚರವಾಗಿತ್ತು. ಕಟಕಟ ಎಂದಿತು, ಗುಂಯ್ ಎಂದಿತು. ಎಲ್ಲರೂ ನೋಡುತ್ತಿದ್ದ ಹಾಗೆಯೇ ಅಂಗೈಯಗಲದ ಒಂದು ಕಾಮನಬಿಲ್ಲು, ಕೆಂಪಿನಿಂದ ನೀಲಿಯವರೆಗೆ ಒಂದು ಬಣ್ಣವೂ ತಪ್ಪದೆ, ಜಾರಿ ಬಂದು ಅಯ್ಯನವರ ಮೊಣಕಾಲಿನ ಬಳಿ ಬಿತ್ತು.

ಪೆಲೆನಾಟೊ ತೊಲೆಯ ಮೇಲಿನ ಹಲ್ಲಿಯನ್ನು ನೋಡತೊಡಗಿದ.

“ಚೆನ್ನಾಗಿ ಬಂದಿದೆ,” ಎಂದರು ಅಯ್ಯನವರು ಹಾಳೆ ಎತ್ತಿಕೊಂಡು. ಅವರ ಮುಖದಲ್ಲಿ ಕೋಪವಿರಲಿಲ್ಲ. ಅದೇ ಕಷ್ಟ. “ನೀಲಿಯಂತೂ ಬಹಳ ಚೆನ್ನಾಗಿದೆ. ಹಾಗಾದ್ರೆ ನನ್ನದೂ ಬರುತ್ತೆ, ಅಲ್ವಾ ಸಿಯೇನಿ?”

ದೂರದಲ್ಲಿ ಯಾರೋ ಸಿಲಿಂಡರು ಬಡಿಯಲು ಕಬ್ಬಿಣ ಎತ್ತಿಕೊಳ್ಳುತ್ತಿದ್ದ ಸದ್ದು. ಆಚೆಯ ಮನೆಯಿಂದ ಮೆರೀಪಳ ದನಿ ಕೇಳಿಸಿತು. ಹಂದಿಮರಿಗಳ ಮುಂದೆ ನಿಂತು ತನ್ನ ವಾಕ್ಯವನ್ನು ಕೂಗಿ ಕೂಗಿ ಒಪ್ಪಿಸುತ್ತಿದ್ದಳು, ಒಂದು ಪದವೂ ಬಿಡದೆ. ಅವಳದು ಆಯಿತು. ಉಳಿದ ಮಕ್ಕಳ ದೋಣಿ, ಮೀನು, ಪಾರಿವಾಳಗಳೆಲ್ಲ ಆ ನೀಲಿ ಶೀಸೆಯ ತಳದಲ್ಲಿ ಕಾಯುತ್ತಿದ್ದವು.

ಸಿಯೇನಿ ಚಾಪೆಯ ಮೇಲಿದ್ದ ಕಡ್ಡಿಯನ್ನು ಎರಡೂ ಕೈಯಲ್ಲಿ ಎತ್ತಿ, ತಲೆಬಾಗಿ, ಅಯ್ಯನವರ ಮುಂದೆ ಹಿಡಿದಳು. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಆದರೂ ಈ ಸಲ ಯಾರೂ ಬಾಗಿ ಕಿವಿ ಕೊಡಬೇಕಾಗಲಿಲ್ಲ.

“ಇಲ್ಲ ಅಯ್ಯನವರೇ,” ಎಂದಳು. “ಮಾಡಿಕೊಡಲ್ಲ.”